ಪಾಸ್ ಆಮೇಲೆ, ಮೊದಲು ವೀಸಾ ನೋಡಿ

ದಸರಾ ಮುಗಿಯುತ್ತಿದ್ದ ಹಾಗೆ ಬೆಂಗಳೂರಿನವರಿಗೆ ಹಿಮದ ಆಸೆ ಶುರುವಾಗುತ್ತದೆ. ಯಾರೋ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ‘ಸ್ಕೀ ಟ್ರಿಪ್’ ಅಂತ ಗುಂಪು ಮಾಡುತ್ತಾರೆ. ದೀಪಾವಳಿ ಹೊತ್ತಿಗೆ ಪ್ರಶ್ನೆಗಳು ನನ್ನ ಬಳಿ ಬಂದು ಬೀಳುತ್ತವೆ. ಸ್ಕೀ ಕಲಿಸುವುದು, ಗುಂಪು ಕಟ್ಟಿಕೊಂಡು ಹೋಗುವುದು ನನ್ನ ಕೆಲಸ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹತ್ತರಲ್ಲಿ ಎಂಟು ಮಂದಿ ಕೇಳುವುದು ‘ಯಾವ ಪಾಸ್ (ಬೆಟ್ಟ ಹತ್ತಿಸುವ ಲಿಫ್ಟ್‌ಗಳ ಟಿಕೆಟ್) ಕೊಳ್ಳಬೇಕು’ ಎಂಬ ಒಂದೇ ಪ್ರಶ್ನೆ, ಅದೂ ತಲೆಕೆಳಗಾಗಿ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಬೂಟು ಹಾಕಿಕೊಳ್ಳುವುದು ಹೇಗೆ, ಕೈಗವಸು ಯಾವುದು ಎಂಬ ಮಾತೆಲ್ಲ ಇಲ್ಲಿಲ್ಲ. ಅದನ್ನು ಅಂಗಡಿಯವರೇ ಹೇಳುತ್ತಾರೆ.

ಪ್ರಶ್ನೆ: ನಾವು ಜಯನಗರದ 11 ಜನ. ನಾಲ್ವರಿಗೆ ಚೆನ್ನಾಗಿ ಸ್ಕೀ ಬರುತ್ತದೆ, ನಾಲ್ವರು ಹಿಮವನ್ನೇ ನೋಡಿಲ್ಲ, ಇಬ್ಬರು ಮಕ್ಕಳು, ಜೊತೆಗೆ 64 ವರ್ಷದ ಅಮ್ಮ. ಕ್ರಿಸ್‌ಮಸ್ ವಾರ ಅಮೆರಿಕದ ಕೊಲೊರಾಡೊಗೆ ಹೋಗುವ ಯೋಚನೆ. ಡೆನ್ವರ್‌ನಲ್ಲಿರುವ ಕಸಿನ್ ‘ಎಲ್ಲರಿಗೂ ಈಗಲೇ ಪಾಸ್ ತೆಗೆದುಬಿಡಿ’ ಅನ್ನುತ್ತಿದ್ದಾನೆ. ಎಪಿಕ್ ಒಳ್ಳೆಯದೋ, ಐಕಾನ್ ಒಳ್ಳೆಯದೋ?

ಎರಡೂ ಚಳಿಗಾಲ ಪೂರ್ತಿ ಹಲವು ಬೆಟ್ಟಗಳಲ್ಲಿ ನಡೆಯುವ ಸೀಸನ್ ಪಾಸ್‌ಗಳು. ನಿಮ್ಮ ಗುಂಪಿಗೆ ಎರಡೂ ಬೇಡ.

ಕಸಿನ್ ಹೇಳಿದ್ದು ಅವನ ಮಟ್ಟಿಗೆ ಸರಿ. ಡೆನ್ವರ್‌ನಲ್ಲಿ ಇರುವವನು ಶನಿವಾರ ಬೆಳಗ್ಗೆ ಕಾರು ಹತ್ತಿದರೆ ಬೆಟ್ಟದಲ್ಲಿರುತ್ತಾನೆ. ಸೀಸನ್ ಪೂರ್ತಿ ಹೋಗುತ್ತಾನೆ, ಪಾಸಿನ ದುಡ್ಡು ಎಂದೋ ಹುಟ್ಟಿರುತ್ತದೆ. ನೀವು ಹೋಗುವುದು ಒಂದು ವಾರ. ಅದರಲ್ಲೂ ಜೆಟ್‌ಲ್ಯಾಗ್‌ಗೆ ಒಂದು ದಿನ, ‘ಇವತ್ತು ಮೈಕೈ ನೋವು’ ಅನ್ನುವುದಕ್ಕೆ ಒಂದು ದಿನ, ಶಾಪಿಂಗ್‌ಗೆ ಒಂದು ದಿನ ಹೋಗುತ್ತದೆ. ಉಳಿಯುವುದು ನಾಲ್ಕು. ನಾಲ್ಕು ದಿನಕ್ಕೆ ಸೀಸನ್ ಪಾಸ್ ಅಂದರೆ, ಒಂದು ದಿನ ಮೆಜೆಸ್ಟಿಕ್‌ಗೆ ಹೋಗಿ ಬರಲು ಬಿಎಂಟಿಸಿ ತಿಂಗಳ ಪಾಸ್ ಮಾಡಿಸಿದ ಹಾಗೆ.

ಈ ಪಾಸ್‌ಗಳ ಹಿಂದಿನ ಲೆಕ್ಕ ಗೊತ್ತಾದರೆ ಯಾರಿಗೆ ಲಾಭ ಅಂತ ತಾನಾಗಿ ತಿಳಿಯುತ್ತದೆ. ಎಪಿಕ್ ಪಾಸ್ ವೇಲ್ ರೆಸಾರ್ಟ್ಸ್ ಕಂಪನಿಯದು, 2008ರಲ್ಲಿ ಬಂತು. ಐಕಾನ್ ಆಲ್ಟೆರಾ ಕಂಪನಿಯದು, 2018ರಲ್ಲಿ ಬಂತು. ಸ್ಕೀ ರೆಸಾರ್ಟ್ ನಡೆಸುವವರ ದೊಡ್ಡ ತಲೆನೋವು ಅಂದರೆ ಹಿಮ ಬೀಳದ ವರ್ಷ. ಅದಕ್ಕೆ ಅವರು ಕಂಡುಕೊಂಡ ಉಪಾಯ ಇದು: ಹಿಮ ಬೀಳುವ ಮೊದಲೇ ದುಡ್ಡು ತೆಗೆದುಕೊಂಡುಬಿಡುವುದು. ಮುಂದಿನ ಚಳಿಗಾಲದ ಪಾಸ್ ಮಾರ್ಚ್ ಹೊತ್ತಿಗೇ ಮಾರಾಟಕ್ಕೆ ಬರುತ್ತದೆ, ಆಗಲೇ ಅತಿ ಅಗ್ಗ. ಆಮೇಲೆ ಹಂತ ಹಂತವಾಗಿ ಬೆಲೆ ಏರುತ್ತದೆ. ಡಿಸೆಂಬರ್ ಮೊದಲ ಭಾಗದಲ್ಲಿ ಮಾರಾಟವೇ ಬಂದ್. ಕೊಳ್ಳದೆ ಉಳಿದವರನ್ನು ಹೆದರಿಸಲು ಕೌಂಟರ್‌ನಲ್ಲಿ ಒಂದು ದಿನದ ಟಿಕೆಟ್ ಬೆಲೆಯನ್ನು ಆಕಾಶಕ್ಕೆ ಏರಿಸಿದ್ದಾರೆ. ಕೊಲೊರಾಡೊದ ವೇಲ್ ಬೆಟ್ಟದಲ್ಲಿ ಹಬ್ಬದ ದಿನಗಳಲ್ಲಿ ಒಬ್ಬರಿಗೆ ದಿನಕ್ಕೆ 300 ಡಾಲರ್ ದಾಟುತ್ತದೆ. ಆ ಬೆಲೆ ನೋಡಿ ಪಾಸ್ ಅಗ್ಗ ಅನಿಸುತ್ತದೆ. ಅನಿಸಲಿ ಅಂತಲೇ ಇಟ್ಟಿರುವ ಬೆಲೆ ಅದು.

2025-26ರ ಸೀಸನ್‌ಗೆ ದೊಡ್ಡವರ ಎಪಿಕ್ ಪಾಸ್ ಶುರುವಾದದ್ದು 1,051 ಡಾಲರ್‌ಗೆ, ಐಕಾನ್ 1,329 ಡಾಲರ್‌ಗೆ. ಅಂದರೆ ಒಬ್ಬರಿಗೆ ಹೆಚ್ಚು ಕಡಿಮೆ ಒಂದು ಲಕ್ಷ ರೂಪಾಯಿ, ವಿಮಾನ, ಹೋಟೆಲ್, ಬಾಡಿಗೆ ಸ್ಕೀ ಯಾವುದೂ ಸೇರದೆ. ಐಕಾನ್ ಬೇಸ್ ಪಾಸ್ 909 ಡಾಲರ್‌ಗೆ ಸಿಗುತ್ತಿತ್ತು. ಅಗ್ಗದ್ದು ಅಂತ ಅದಕ್ಕೆ ಕೈ ಹಾಕುವವರು ಜಾಸ್ತಿ. ಅದರಲ್ಲಿ ಬ್ಲ್ಯಾಕೌಟ್ ದಿನಗಳಿವೆ. ಯಾವಾಗ ಗೊತ್ತಾ? ಕ್ರಿಸ್‌ಮಸ್ ಮರುದಿನದಿಂದ ವರ್ಷದ ಕೊನೆವರೆಗೆ, ಜನವರಿ ಮತ್ತು ಫೆಬ್ರುವರಿಯ ಅಮೆರಿಕದ ಲಾಂಗ್ ವೀಕೆಂಡ್‌ಗಳಲ್ಲಿ. ನಿಮ್ಮ ಮಕ್ಕಳ ಸ್ಕೂಲಿಗೆ ರಜೆ, ನಿಮ್ಮ ಆಫೀಸು ಖಾಲಿ ಇರುವ ಆ ಒಂದು ವಾರವೇ ಪಾಸ್ ನಡೆಯುವುದಿಲ್ಲ. ಎಪಿಕ್‌ನ ಅಗ್ಗದ ಲೋಕಲ್ ಪಾಸ್‌ಗೂ ಕೆಲವು ಬೆಟ್ಟಗಳಲ್ಲಿ ಹಬ್ಬದ ದಿನಗಳ ನಿರ್ಬಂಧ ಇದೆ. ಕ್ರಿಸ್‌ಮಸ್‌ಗೆ ಹೋಗುವವರು ಅಗ್ಗದ ಪಾಸ್ ಕೊಂಡು ಗೇಟಿನ ಮುಂದೆ ಪೆಚ್ಚಾಗಿ ನಿಲ್ಲುವುದು ಹೀಗೆ.

ಇನ್ನು ವೀಸಾ. ಇದೇ ನನಗೆ ಅತಿ ಕೋಪ ಬರಿಸುವ ಸಂಗತಿ. ಪಾಸ್ ವಾಪಸ್ ಕೊಡಲು ಬರುವುದಿಲ್ಲ, ಇನ್ನೊಬ್ಬರ ಹೆಸರಿಗೆ ಬದಲಾಯಿಸಲೂ ಬರುವುದಿಲ್ಲ. ಎಪಿಕ್ ಪಾಸ್ ಜೊತೆ ಬರುವ ರಕ್ಷಣೆ ಕಾಲು ಮುರಿದದ್ದು, ಕೆಲಸ ಹೋದದ್ದು ಇಂಥದ್ದಕ್ಕೆ. ವೀಸಾ ಸಿಗದಿದ್ದರೆ ದುಡ್ಡು ಬರುತ್ತದೆ ಅಂತ ನಂಬಿ ಕೂರಬೇಡಿ. 11 ಜನರಲ್ಲಿ ಎಷ್ಟು ಜನರ ಪಾಸ್‌ಪೋರ್ಟ್‌ನಲ್ಲಿ ಈಗಾಗಲೇ ಅಮೆರಿಕ ವೀಸಾ ಇದೆ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ! ಸಂದರ್ಶನದ ದಿನ ಸಿಗುವುದೇ ತಿಂಗಳುಗಟ್ಟಲೆ ಕಾದ ಮೇಲೆ. ಅದಕ್ಕಾಗಿ ಚೆನ್ನೈ, ಹೈದರಾಬಾದ್ ಅಂತ ಓಡಾಟ. ಅಷ್ಟಾದ ಮೇಲೆ ಒಂಬತ್ತು ಜನಕ್ಕೆ ಸಿಕ್ಕಿ ಇಬ್ಬರಿಗೆ ಸಿಗದಿದ್ದರೆ? ಪಾಸ್ ಕೊಂಡದ್ದಾಗಿದೆ, ಗಂಡನಿಗೆ ವೀಸಾ ಇದೆ, ಹೆಂಡತಿಗೆ ಇಲ್ಲ. ಇಂಥ ಜಗಳ ಬಿಡಿಸಲು ನನ್ನನ್ನು ಕರೆಯುತ್ತಾರೆ. ಸ್ಕೀ ಕಲಿಸುವವನು ಅದಕ್ಕೆ ಏನು ಮಾಡಬೇಕು?

ಹಾಗಾಗಿ ನನ್ನ ಕ್ರಮ ಹೀಗೆ. ಮೊದಲು ಯಾರಿಗೆ ಎಷ್ಟು ಸ್ಕೀ ಬರುತ್ತದೆ ಅಂತ ಸುಳ್ಳಿಲ್ಲದೆ ಬರೆದುಕೊಳ್ಳಿ. ಆಮೇಲೆ ವೀಸಾ. ಆಮೇಲೆ ಊರು. ಪಾಸ್ ಕೊನೆಗೆ. ಅಮೆರಿಕಕ್ಕೆ ಹೋದರೆ ಈ ಕ್ರಮ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಪಾಸನ್ನು ಮೊದಲೇ ಕೊಳ್ಳದಿದ್ದರೆ ದಂಡ. ಅದಕ್ಕೇ ವೀಸಾ ಕೈಯಲ್ಲಿಲ್ಲದ, ಹೊಸಬರು ತುಂಬಿದ ಗುಂಪಿಗೆ ನಾನು ಅಮೆರಿಕ ಹೇಳುವುದೇ ಇಲ್ಲ.

ನಿಮಗೆ ನಾನು ಹೇಳುವುದು ಇಟಲಿಯ ಡೊಲೊಮೈಟ್ಸ್ ಬೆಟ್ಟಗಳು. ಅಲ್ಲಿನ ಡೊಲೊಮಿಟಿ ಸೂಪರ್‌ಸ್ಕೀ 1974ರಿಂದ ಇದೆ. ಹನ್ನೆರಡು ಸ್ಕೀ ಪ್ರದೇಶ, ಸುಮಾರು 1,200 ಕಿಲೋಮೀಟರ್ ಇಳಿಜಾರು, ಎಲ್ಲಕ್ಕೂ ಒಂದೇ ಕಾರ್ಡ್. ದಿನಕ್ಕೆ 80 ಯೂರೋ ಚಿಲ್ಲರೆ. ಆರು ದಿನದ್ದು ಒಟ್ಟಿಗೆ ಕೊಂಡರೆ ದಿನದ ಲೆಕ್ಕ ಇನ್ನೂ ಇಳಿಯುತ್ತದೆ. ಮುಖ್ಯ ಸಂಗತಿ ಅಂದರೆ, ವೀಸಾ ಬಂದ ಮೇಲೆ ಆರಾಮಾಗಿ ಕೊಳ್ಳಬಹುದು. ‘ಐಕಾನ್ ಪಾಸ್‌ನಲ್ಲೂ ಡೊಲೊಮಿಟಿ ಇದೆಯಲ್ಲ’ ಅಂತ ಕಸಿನ್ ಹೇಳುತ್ತಾನೆ, ನೋಡಿ. ಇದೆ. ಆದರೆ ಅಲ್ಲಿಯ ಆರು ದಿನದ ಕಾರ್ಡ್ ಐಕಾನ್‌ನ ಅರ್ಧ ಬೆಲೆಯೂ ಆಗುವುದಿಲ್ಲ.

ವಾಲ್ ಗಾರ್ಡೇನಾ ಕಣಿವೆಯ ಓರ್ಟಿಸೇ ಊರಲ್ಲಿ ಉಳಿದುಕೊಳ್ಳಿ. ಅಮ್ಮನ ಮಟ್ಟಿಗೆ ಇದು ದೊಡ್ಡ ವಿಷಯ. ಆ ಊರಿನ ಎತ್ತರ 1,236 ಮೀಟರ್. ಬೆಂಗಳೂರೇ 900 ಮೀಟರ್ ಮೇಲಿದೆ, ದೇಹಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕೊಲೊರಾಡೊದ ಬ್ರೆಕೆನ್‌ರಿಜ್ ಊರು ಸುಮಾರು 2,900 ಮೀಟರ್‌ನಲ್ಲಿದೆ. ಬೆಂಗಳೂರಿನಿಂದ ಹೋದವರು ಮೊದಲ ರಾತ್ರಿ ಅಲ್ಲಿ ಮಲಗಿದರೆ ತಲೆನೋವು, ವಾಕರಿಕೆ ಬರುವುದು ಮಾಮೂಲು. ಓರ್ಟಿಸೇಯಿಂದ ಗೊಂಡೊಲಾ ಎಂಬ ಕೇಬಲ್ ಕಾರ್ ಹತ್ತಿದರೆ ಆಲ್ಪೆ ದಿ ಸಿಯೂಸಿ ಎಂಬ ವಿಶಾಲ ಹುಲ್ಲುಗಾವಲು, ಚಳಿಗಾಲದಲ್ಲಿ ಪೂರ್ತಿ ಬಿಳಿ. ಇಳಿಜಾರು ಮೆದು, ಹೊಸಬರಿಗೂ ಮಕ್ಕಳಿಗೂ ಹೇಳಿ ಮಾಡಿಸಿದ ಜಾಗ. ಸ್ಕೀ ಮಾಡದವರಿಗೆ ನಡೆಯಲು ಬೇರೆ ದಾರಿಗಳಿವೆ. ಅಮ್ಮನಿಗೆ ಪಾದಚಾರಿ ಟಿಕೆಟ್ ಸಾಕು. ಮಧ್ಯಾಹ್ನ ಎಲ್ಲರೂ ಒಂದೇ ಕಡೆ ಊಟಕ್ಕೆ ಸೇರಬಹುದು. ಗುಂಪಿನ ಪ್ರವಾಸ ಅಂದರೆ ಅದೇ ಅಲ್ವಾ?

ಎಲ್ಲರಿಗೂ ಒಂದೇ ಪಾಸ್ ಕೊಳ್ಳುವ ಹುಚ್ಚು ಬಿಡಿ. ಹಿಮವನ್ನೇ ನೋಡದ ನಾಲ್ವರು ಮೊದಲೆರಡು ದಿನ ನೂರು ಮೀಟರ್ ಇಳಿಜಾರಿನಲ್ಲಿ ಬೀಳುತ್ತ ಏಳುತ್ತ ಇರುತ್ತಾರೆ. 1,200 ಕಿಲೋಮೀಟರ್ ಕೊಂಡು ಅವರೇನು ಮಾಡುತ್ತಾರೆ? ಕಲಿಯುವ ಜಾಗದ ಲಿಫ್ಟ್‌ಗೆ ಬೇರೆ ಟಿಕೆಟ್ ಇರುತ್ತದೆ, ಅದು ಸಾಕು. ಉಳಿದ ದುಡ್ಡನ್ನು ಸ್ಕೀ ಸ್ಕೂಲಿಗೆ ಹಾಕಿ. ಇಂಗ್ಲಿಷ್ ಬರುವ ಶಿಕ್ಷಕರು ಹಬ್ಬದ ವಾರದಲ್ಲಿ ಬೇಗ ಖಾಲಿ, ಹೋಟೆಲ್ ಬುಕ್ ಮಾಡಿದ ದಿನವೇ ಅವರನ್ನೂ ಬುಕ್ ಮಾಡಿ. ಮೂರನೇ ದಿನ ಕಾಲು ನಿಂತರೆ ಆ ಕಣಿವೆಯ ಪಾಸ್ ತೆಗೆದುಕೊಳ್ಳಲಿ. ಮಕ್ಕಳ ರಿಯಾಯಿತಿಗೆ ಹುಟ್ಟಿದ ದಿನಾಂಕದ ದಾಖಲೆ ಕೇಳುತ್ತಾರೆ, ಪಾಸ್‌ಪೋರ್ಟ್ ಪ್ರತಿ ಜೇಬಿನಲ್ಲಿರಲಿ.

ಸೂಪರ್‌ಸ್ಕೀ ಕಾರ್ಡ್ ಬೇಕಾದದ್ದು ಸ್ಕೀ ಬರುವ ನಾಲ್ವರಿಗೆ. ಅವರಿಗೆ ಸೆಲ್ಲಾ ರೊಂಡಾ ಇದೆ. ಸೆಲ್ಲಾ ಬೆಟ್ಟದ ಸಾಲನ್ನು ನಾಲ್ಕು ಕಣಿವೆದಾರಿಗಳ ಮೇಲೆ ಹಾದು ಒಂದು ಸುತ್ತು ಬರುವುದು. ಲಿಫ್ಟ್ ಸೇರಿ ಸುಮಾರು 40 ಕಿಲೋಮೀಟರ್, ಸ್ಕೀ ಮೇಲೆ 26. ಪ್ರದಕ್ಷಿಣೆ ಹಾಕುವವರು ಕಿತ್ತಳೆ ಬಣ್ಣದ ಬೋರ್ಡ್ ಹಿಡಿದು ಹೋಗಬೇಕು, ಅಪ್ರದಕ್ಷಿಣೆಯವರು ಹಸಿರು. ಬೆಳಗ್ಗೆ ಹತ್ತರೊಳಗೆ ಹೊರಡಿ, ಮಧ್ಯಾಹ್ನ ಮೂರೂವರೆಗೆ ಕೊನೆಯ ಕಣಿವೆದಾರಿ ದಾಟಿರಬೇಕು. ಲಿಫ್ಟ್ ನಿಂತರೆ ನೀವು ಬೆಟ್ಟದ ಆ ಕಡೆ, ಹೋಟೆಲ್ ಈ ಕಡೆ. ಸ್ಕೀ ಬೂಟಿನಲ್ಲೇ ಟ್ಯಾಕ್ಸಿ ಹುಡುಕಬೇಕು, ಮೀಟರ್ ನೋಡಿದರೆ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಬಂದ ಬಿಲ್ ಕೂಡ ಚಿಕ್ಕದು ಅನಿಸುತ್ತದೆ. ಫೋಟೋ ತೆಗೆಯುವ ಒಬ್ಬ ಗೆಳೆಯ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನನ್ನು ಮುಂದೆ ಬಿಡಿ, ಹಿಂದೆ ಬಿಡಬೇಡಿ.

ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನವಿದೆ, ಅಲ್ಲಿಂದ ರಸ್ತೆಯಲ್ಲಿ ನಾಲ್ಕು ಗಂಟೆ ಆಸುಪಾಸು. ಇಳಿಯುವುದು ಜರ್ಮನಿಯಲ್ಲಿ ಅಂತ ಜರ್ಮನಿ ವೀಸಾಗೆ ಅರ್ಜಿ ಹಾಕುವವರಿದ್ದಾರೆ. ಹೆಚ್ಚು ದಿನ ಉಳಿಯುವುದು ಯಾವ ದೇಶದಲ್ಲೋ ಅಲ್ಲಿಗೆ ಹಾಕಬೇಕು, ಅಂದರೆ ಇಟಲಿಗೆ. ಆರು ತಿಂಗಳು ಮೊದಲೇ ಷೆಂಗೆನ್ (ಯೂರೋಪಿನ ಬಹುತೇಕ ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿ ಹಾಕಲು ಅವಕಾಶವಿದೆ, ನವೆಂಬರ್‌ವರೆಗೆ ಕಾಯಬೇಡಿ. ಇನ್ನೊಂದು ಮಾತು. ಕ್ರಿಸ್‌ಮಸ್ ವಾರ ಬಿಟ್ಟು ಸಂಕ್ರಾಂತಿ ವಾರಕ್ಕೆ ಹೋಗಿ. ಜನವರಿ 6ರ ಹಬ್ಬ ಮುಗಿದ ಮೇಲೆ ಅಲ್ಲಿ ಹೋಟೆಲ್ ಬೆಲೆ ಇಳಿಯುತ್ತದೆ, ಸಾಲು ಕರಗುತ್ತದೆ. ಮಕ್ಕಳು ನಾಲ್ಕು ದಿನ ಸ್ಕೂಲ್ ತಪ್ಪಿಸಿದರೆ ಏನೂ ಆಗುವುದಿಲ್ಲ.

ವಿಮೆ. ನಿಮ್ಮ ಪಾಲಿಸಿಯಲ್ಲಿ ‘ವಿಂಟರ್ ಸ್ಪೋರ್ಟ್ಸ್’ ಎಂಬ ಪದ ಇದೆಯಾ ನೋಡಿ. ಷೆಂಗೆನ್‌ಗೆ ಬೇಕಾದ 30,000 ಯೂರೋ ಪಾಲಿಸಿ ವೀಸಾ ಅಧಿಕಾರಿಗೆ ಸಾಕು, ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವವರಿಗೆ ಸಾಕಾಗಬೇಕೆಂದಿಲ್ಲ. ಅಲ್ಲದೆ ಇಟಲಿಯಲ್ಲಿ 2022ರಿಂದ, ನೀವು ಇನ್ನೊಬ್ಬರಿಗೆ ಗುದ್ದಿದರೆ ನಷ್ಟ ಕಟ್ಟಿಕೊಡುವ ವಿಮೆ ಎಲ್ಲ ಸ್ಕೀಯರ್‌ಗಳಿಗೂ ಕಡ್ಡಾಯ. ಪಾಸ್ ಕೊಳ್ಳುವಾಗಲೇ ಕೆಲವು ಯೂರೋಗೆ ಸಿಗುತ್ತದೆ. ಹೆಲ್ಮೆಟ್ ಈಗ ಅಲ್ಲಿ ಎಲ್ಲ ವಯಸ್ಸಿನವರಿಗೂ ಕಡ್ಡಾಯ. ಬೆಂಗಳೂರಿನಲ್ಲಿ ಪೊಲೀಸ್ ಕಂಡಾಗ ಮಾತ್ರ ತಲೆಗೆ ಹಾಕುವ ಅಭ್ಯಾಸ ಇಲ್ಲೇ ಬಿಟ್ಟು ಹೋಗಿ.

ಹಾಗಾದರೆ ಅಮೆರಿಕದ ಪಾಸ್ ಯಾರಿಗೆ? ಪಾಸ್‌ಪೋರ್ಟ್‌ನಲ್ಲಿ ವೀಸಾ ಇರುವ, ಚೆನ್ನಾಗಿ ಸ್ಕೀ ಬರುವ, ವಾರ ಪೂರ್ತಿ ಬೆಳಗಿನಿಂದ ಸಂಜೆವರೆಗೆ ಬೆಟ್ಟದಲ್ಲೇ ಇರುವವರಿಗೆ. ನಿಮ್ಮ ನಾಲ್ವರು ಬೇರೆಯಾಗಿ ಒಮ್ಮೆ ಹೋಗಲಿ. ಆಗಲೂ ಪೂರ್ತಿ ಪಾಸ್ ಬೇಡ, ಒಂದರಿಂದ ಏಳು ದಿನದವರೆಗೆ ಬೇಕಾದಷ್ಟೇ ಆರಿಸಿಕೊಳ್ಳುವ ಎಪಿಕ್ ಡೇ ಪಾಸ್ ನೋಡಿ, ಡಿಸೆಂಬರ್‌ಗೆ ಮುಂಚೆ ಕೊಳ್ಳಿ. ಅಥವಾ ಆ ಕಸಿನ್‌ನನ್ನೇ ಹಿಡಿಯಿರಿ. ಎಪಿಕ್ ಪಾಸ್ ಇದ್ದವರಿಗೆ ಗೆಳೆಯರಿಗೆ ಕೊಡಲು ಅರ್ಧ ಬೆಲೆಯ ಟಿಕೆಟ್‌ಗಳನ್ನು 2025-26ರಿಂದ ಕೊಡುತ್ತಿದ್ದಾರೆ. ಪುಕ್ಕಟೆ ಸಲಹೆ ಕೊಡುವ ಬದಲು ಅವನು ಅದನ್ನು ಕೊಡಲಿ.

ಪ್ರಶ್ನೆ: ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಸ್ಕೀ ಉಚಿತ ಅಂತ ನಮ್ಮ ಏಜೆಂಟ್ ಹೇಳಿದ್ದಾರೆ. ಹೌದಾ?

ಸುಳ್ಳು. ಅದು ರೈಲು, ಬಸ್ಸು, ದೋಣಿಯ ಪಾಸ್. ಬಹಳಷ್ಟು ಬೆಟ್ಟದ ರೈಲುಗಳಿಗೆ ರಿಯಾಯಿತಿ ಕೊಡುತ್ತದೆ, ಸ್ಕೀ ಲಿಫ್ಟ್‌ಗೆ ಪಾಸ್ ಆಗುವುದಿಲ್ಲ. ‘ಸ್ಕೀ ಪ್ಯಾಕೇಜ್’ ಅಂತ ಮಾರಿ, ಕೊನೆಗೆ ಗೊಂಡೊಲಾದಲ್ಲಿ ಮೇಲೆ ಕರೆದುಕೊಂಡು ಹೋಗಿ, ಹಿಮದಲ್ಲಿ ಫೋಟೋ ತೆಗೆಸಿ, ಕೆಳಗಿಳಿಸುವ ಏಜೆಂಟರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಲಿಫ್ಟ್ ಪಾಸ್ ಎಷ್ಟು ದಿನದ್ದು, ಯಾವ ಪ್ರದೇಶದ್ದು, ಸ್ಕೀ ಮತ್ತು ಬೂಟಿನ ಬಾಡಿಗೆ ಸೇರಿದೆಯಾ, ಪಾಠ ಎಷ್ಟು ಗಂಟೆ ಎಂದು ಬರೆದುಕೊಡಲು ಹೇಳಿ. ‘ಎಲ್ಲಾ ಇನ್‌ಕ್ಲೂಡೆಡ್ ಸಾರ್’ ಅಂದರೆ ಎದ್ದು ಬನ್ನಿ. ‘ವೀಸಾ ಗ್ಯಾರಂಟಿ’ ಅಂದರೆ ಓಡಿ ಬನ್ನಿ.

ಪ್ರಶ್ನೆ: ಎತ್ತರದಲ್ಲಿ ಉಸಿರು ಕಟ್ಟದಿರಲು ಕರ್ಪೂರ ಮೂಸಿದರೆ ಸಾಕಾ?

ಕರ್ಪೂರ ಮಂಗಳಾರತಿಗೆ. ಅದರ ವಾಸನೆಗೆ ಮೂಗು ತೆರೆದ ಹಾಗೆ ಅನಿಸುತ್ತದೆ, ರಕ್ತಕ್ಕೆ ಒಂದಿಷ್ಟೂ ಆಮ್ಲಜನಕ ಜಾಸ್ತಿ ಸೇರುವುದಿಲ್ಲ. ಕೆಳಗೆ ಮಲಗಿ, ನಿಧಾನಕ್ಕೆ ಮೇಲೆ ಹೋಗಿ. ತಲೆನೋವು ಜೋರಾಗಿ, ನಡೆಯುವಾಗ ತೂರಾಡುವಂತಾದರೆ ತಕ್ಷಣ ಕೆಳಗಿಳಿಯಿರಿ. ಬ್ರಾಂದಿಯ ಬಗ್ಗೆಯೂ ಕೇಳಿದ್ದೀರಿ. ಅದು ಚರ್ಮ ಬಿಸಿ ಮಾಡಿ ದೇಹ ತಣ್ಣಗೆ ಮಾಡುತ್ತದೆ.

ಪ್ರಶ್ನೆ: ಹೋದ ವರ್ಷ ಬಿದ್ದು ಮಂಡಿ ತಿರುಚಿತ್ತು. ಎಕ್ಸ್‌ರೇ ಸರಿ ಇತ್ತು. ಪುತ್ತೂರು ಕಟ್ಟು ಹಾಕಿಸಿದೆ. ಈ ವರ್ಷ ಹೋಗಬಹುದಾ?

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಕಾಣುವುದಿಲ್ಲ. ಸ್ಕೀಯಲ್ಲಿ ಮಂಡಿ ತಿರುಚಿದಾಗ ಹರಿಯುವುದು ಬಹುತೇಕ ಲಿಗಮೆಂಟೇ. ಹರಿದದ್ದನ್ನು ಮೊಟ್ಟೆ ಬಿಳಿ, ಬಟ್ಟೆ, ಬಿದಿರು ಕಟ್ಟಿ ಜೋಡಿಸಲು ಬರುವುದಿಲ್ಲ. ಊತ ಇಳಿದಿದೆ ಅಂತ ವಾಸಿಯಾಗಿದೆ ಅಂದುಕೊಂಡಿದ್ದೀರಿ. ಮೂಳೆ ಡಾಕ್ಟರ್ ಹತ್ತಿರ ಹೋಗಿ, ಎಂಆರ್‌ಐ ಬೇಕಾ ಕೇಳಿ. ಅವರು ಹೂಂ ಅನ್ನುವವರೆಗೆ ನನ್ನ ಗುಂಪಿನಲ್ಲಿ ನಿಮಗೆ ಜಾಗವಿಲ್ಲ.

ಉಳಿದವರಿಗೂ ಒಂದು ಮಾತು. ಸ್ಕೀ ಬಾಡಿಗೆಗೆ ಕೊಡುವಾಗ ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಬಿಗಿಯನ್ನು ಹೊಂದಿಸುವುದು ಅದರಿಂದಲೇ. ಗೆಳೆಯರ ಮುಂದೆ ನಾಚಿಕೆ ಅಂತ ‘ಇಂಟರ್‌ಮೀಡಿಯೆಟ್’ ಎಂದು ಬರೆದರೆ ಬಿಗಿ ಜಾಸ್ತಿಯಾಗುತ್ತದೆ. ಸ್ಕೀ ಕಳಚುವುದಿಲ್ಲ, ಮಂಡಿ ತಿರುಗುತ್ತದೆ. ಈಗಿನಿಂದಲೇ ನಂದಿ ಬೆಟ್ಟದ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ. ಹತ್ತುವುದು ಉಸಿರಿಗೆ ಒಳ್ಳೆಯದು, ಸ್ಕೀಗೆ ಬೇಕಾದ ತೊಡೆ ಬರುವುದು ಇಳಿಯುವುದರಿಂದ.

ಪ್ರಶ್ನೆ: ಪಾಸ್‌ನಲ್ಲಿ ಇಡೀ ಬೆಟ್ಟ ಸೇರಿದೆಯಲ್ಲ, ಹಗ್ಗದ ಆಚೆ ಯಾರೂ ತುಳಿಯದ ಹಿಮದಲ್ಲಿ ಹೋದರೆ?

ಪಾಸ್ ಲಿಫ್ಟ್‌ಗೆ ಕೊಟ್ಟದ್ದು, ಹಿಮಕುಸಿತಕ್ಕೆ ಅಲ್ಲ. ಗುರುತು ಹಾಕಿದ ದಾರಿಯ ಆಚೆ ಯಾರೂ ಕಾವಲಿಲ್ಲ, ಹೆಚ್ಚಿನ ವಿಮೆಗಳು ಗೈಡ್ ಇಲ್ಲದೆ ಹೋದರೆ ಕೈ ಬಿಡುತ್ತವೆ. ಹಿಮದಡಿ ಸಿಕ್ಕವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಹತ್ತಿರ ಬೀಕನ್ (ಹೂತವರನ್ನು ಹುಡುಕುವ ಸಿಗ್ನಲ್ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇರಬೇಕು, ಬಳಸಿ ಅಭ್ಯಾಸವಿರಬೇಕು. ನಿಮ್ಮ ಹತ್ತಿರ ಇರುವುದು ಹೆಲ್ಮೆಟ್ ಮೇಲೆ ಒಂದು ಕ್ಯಾಮೆರಾ. ನಾನು ಈ ವಿಷಯದಲ್ಲಿ ಹಳೇ ಕಾಲದವನು ಅಂತ ಗುಂಪಿನ ಹುಡುಗರು ಬೈಯುತ್ತಾರೆ, ಬೈಯಲಿ.

ಪ್ರಶ್ನೆ: ಒಂದೇ ಪಾಸ್‌ನಲ್ಲಿ ಬೆಳಗ್ಗೆ ನಾನು, ಮಧ್ಯಾಹ್ನ ನನ್ನ ಹೆಂಡತಿ ಹೋಗಬಹುದಾ?

ಗೇಟಿನಲ್ಲಿ ಫೋಟೋ ನೋಡುತ್ತಾರೆ, ಪಾಸ್ ಕಿತ್ತುಕೊಳ್ಳುತ್ತಾರೆ.

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಎಲ್ಲಾದರೂ ಹಿಮ ಇರುತ್ತದಾ?

ಫ್ರಾನ್ಸ್‌ನ ವಾಲ್ ತೊರಾನ್ಸ್ 2,300 ಮೀಟರ್‌ನಲ್ಲಿದೆ, ಮೇ ಶುರುವಿನವರೆಗೂ ನಡೆಯುತ್ತದೆ. ಸ್ವಿಟ್ಜರ್ಲೆಂಡ್‌ನ ಜರ್ಮಾಟ್‌ನಲ್ಲಿ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ ಇದೆ.

ಪ್ರಶ್ನೆ: ಜೀನ್ಸ್ ಮೇಲೆ ಸ್ವೆಟರ್ ಸಾಕಾ?

ಇಲ್ಲ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತದಾ?

ಇಟಲಿಯಲ್ಲಿ ಪಾಸ್ತಾ, ಪಿಜ್ಜಾ ಬೇಕಾದಷ್ಟು. ಕ್ನ್ಯೋಡೆಲ್ ಎಂಬ ಬ್ರೆಡ್ ಉಂಡೆಯಲ್ಲಿ ಹಂದಿಮಾಂಸ ಇರುವುದುಂಟು, ಕೇಳಿ ತಿನ್ನಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಿರಿ. ತುಪ್ಪ, ಮೈಸೂರು ಪಾಕ್, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯೂರೋಪಿನಲ್ಲಿ ಬಿಡುವುದಿಲ್ಲ. ಹೋಟೆಲ್ ಕೋಣೆಯಲ್ಲಿ ಒಗ್ಗರಣೆ ಹಾಕಬೇಡಿ, ಹೊಗೆಗೆ ಅಲಾರಂ ಬಡಿದುಕೊಂಡು ಇಡೀ ಹೋಟೆಲ್ ರಸ್ತೆಗೆ ಬರುತ್ತದೆ.